ಕೊರಳು ಬಿಗಿದಿರುವುದೆಲ್ಲಿ?

ಬೆಳಗಿನ ಜಾವದಲ್ಲಿ ನಲ್ಲಿಯ ಕೆಳಗೆ ಕೊಡವಿಟ್ಟು ಕಾದು ಕುಳಿತ ಗೃಹಿಣಿಯ ಪ್ರಶ್ನೆ ಒಂದೇ: ಕಾವೇರಿಯಲ್ಲಿ ನೀರಿದ್ದೂ ನಲ್ಲಿಯಲ್ಲೇಕಿಲ್ಲ? ಉತ್ತರವು ಅನೇಕ ವೇಳೆ ನೀರು ಬರುವ ದಾರಿಯಲ್ಲೇ ಅಡಗಿರುತ್ತದೆ.

ಬೆಂಗಳೂರಿನ ಸಂಗತಿಯನ್ನೇ ನೋಡೋಣ. 1933ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ನೆಚ್ಚಿದ್ದ ಈ ನಗರಕ್ಕೆ ಕಾವೇರಿಯ ನೀರು ಬಂದದ್ದು 1974ರಲ್ಲಿ. ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಯಂತ್ರಾಗಾರಗಳು ಆ ನೀರನ್ನು ಮೆಟ್ಟಲು ಮೆಟ್ಟಲಾಗಿ ಎತ್ತಿ ಕಳುಹಿಸುತ್ತವೆ. ಶುದ್ಧೀಕರಣಾಲಯ, ಪಂಪು, ಹೆಗ್ಗೊಳವೆ, ಸಂಗ್ರಹ ತೊಟ್ಟಿ, ಬೀದಿಯ ಕೊಳವೆ, ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಇವುಗಳಲ್ಲಿ ಅತಿ ದುರ್ಬಲವಾದ ಕೊಂಡಿಯ ಶಕ್ತಿಯೇ ಇಡೀ ಸರಪಳಿಯ ಶಕ್ತಿ.

ಆ ಕೊಂಡಿ ಯಾವುದೆಂದು ಕಂಡುಹಿಡಿಯುವುದು ವೈದ್ಯನು ನಾಡಿ ಹಿಡಿದಂತೆ. ಬಡಾವಣೆಯ ತೊಟ್ಟಿ ತುಂಬಿದ್ದೂ ಮನೆಗೆ ನೀರಿಲ್ಲವಾದರೆ ದೋಷ ತೊಟ್ಟಿಯ ಕೆಳಗಿದೆ. ರಾತ್ರಿಯೆಲ್ಲ ನೀರು ಬಿಟ್ಟರೂ ತೊಟ್ಟಿ ತುಂಬದಿದ್ದರೆ ದೋಷ ಮೇಲಿದೆ. ರಾತ್ರಿ ಬೇಗನೆ ತುಂಬಿ ಉಕ್ಕುವಂತಾಗಿ ಬೆಳಗಾಗುತ್ತಲೇ ಬರಿದಾದರೆ ತೊಟ್ಟಿಯೇ ಚಿಕ್ಕದು. ಎಲ್ಲರೂ ಒಮ್ಮೆಗೇ ನೀರು ಹಿಡಿಯುವ ಮುಂಜಾನೆ, ಕೊಳವೆಯುದ್ದಕ್ಕೂ ಒತ್ತಡಮಾಪಕಗಳನ್ನಿಟ್ಟು ಅಳೆದರೆ, ಎಲ್ಲಿ ಒತ್ತಡ ಥಟ್ಟನೆ ಕುಸಿಯುವುದೋ ಅಲ್ಲಿಯೇ ಕೊರಳು ಬಿಗಿದಿದೆ ಎಂದು ತಿಳಿಯಬೇಕು. ಅಲ್ಲಿ ಕೊಳವೆ ಕಿರಿದಾಗಿರಬಹುದು. ತುಕ್ಕು ಬೆಳೆದು ಒಳದಾರಿ ಸಣ್ಣದಾಗಿರಬಹುದು. ಅರ್ಧ ಮುಚ್ಚಿದ ಕವಾಟವನ್ನು ಯಾರೋ ಮರೆತಿರಲೂಬಹುದು.

ಕೊಳವೆಯ ಲೆಕ್ಕ ಸೋಜಿಗದ್ದು. ಅದೇ ಒತ್ತಡದಲ್ಲಿ ವ್ಯಾಸವನ್ನು ಇಮ್ಮಡಿಗೊಳಿಸಿದರೆ ಹರಿವು ಇಮ್ಮಡಿಯಷ್ಟೇ ಅಲ್ಲ, ಐದಾರು ಪಟ್ಟು ಹೆಚ್ಚುತ್ತದೆ. ಅದೇ ಕಿರಿದಾದ ಕೊಳವೆಯಲ್ಲಿ ಇಮ್ಮಡಿ ನೀರನ್ನು ನೂಕಹೊರಟರೆ ಘರ್ಷಣೆಯಲ್ಲಿ ಕಳೆದುಹೋಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದುದರಿಂದ ದೊಡ್ಡ ಪಂಪು ಎಲ್ಲ ಕಾಯಿಲೆಗೂ ಮದ್ದಲ್ಲ.

ಒಂದು ಗಂಟು ಬಿಚ್ಚಿದೊಡನೆ ಮತ್ತೊಂದು ಕಾಣಿಸಿಕೊಳ್ಳುವುದೂ ಉಂಟು. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಯಿತು. ದಿನಕ್ಕೆ 77.5 ಕೋಟಿ ಲೀಟರು ನೀರು ತರುವ ಆ ಯೋಜನೆ ನಗರಕ್ಕೆ ಸೇರಿದ 110 ಹಳ್ಳಿಗಳ ದಾಹವನ್ನು ಗುರಿಯಾಗಿಟ್ಟುಕೊಂಡದ್ದು. ಆದರೆ ಹೆಗ್ಗೊಳವೆ ಊರ ಬಾಗಿಲಿಗೆ ಬಂದ ಮಾತ್ರಕ್ಕೆ ಕೊಡ ತುಂಬದು. ತೊಟ್ಟಿ ಏಳಬೇಕು, ಬೀದಿಬೀದಿಗೆ ಕೊಳವೆ ಇಳಿಯಬೇಕು, ಮನೆಮನೆಗೆ ಜೋಡಣೆಯಾಗಬೇಕು. ನೂರು ಕಿಲೋಮೀಟರು ನಡೆದು ಬಂದ ನೀರಿಗೆ ಕೊನೆಯ ನೂರು ಮೊಳವೇ ಕಠಿಣವಾದರೆ, ಗೃಹಿಣಿಯ ಕಾಯುವಿಕೆ ಮುಗಿಯುವುದಿಲ್ಲ.