ಕಾಳಗದಾಟಗಳೂ ಚಿತ್ರಪದ್ಧತಿಯ ವಿವಾದವೂ

ಕಳೆದ ದಸರಾ ರಜೆಯಲ್ಲಿ ನಮ್ಮ ತಮ್ಮನ ಮಕ್ಕಳಿಬ್ಬರು ಬೆಂಗಳೂರಿನಿಂದ ಬಿಕ್ಕೋಡಿಗೆ ಬಂದಿದ್ದರು. ಹಿರಿಯವನಿಗೆ ಹದಿನೇಳು ವರ್ಷ, ಕಿರಿಯವನಿಗೆ ಹದಿನಾಲ್ಕು. ನಮ್ಮ ಸೀಮೆಯ ಕಾಫಿ ತೋಟಗಳಲ್ಲಿ ಕಾಡಾನೆಗಳು ಬೀಡುಬಿಟ್ಟಿರುವುದನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಓದಿಯೇ ಇರುವರು. ಸಂಜೆಯಾದ ಮೇಲೆ ಹುಡುಗರನ್ನು ಹೊರಗೆ ಬಿಡುವಂತಿಲ್ಲ. ಆದುದರಿಂದ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ನಡುಮನೆಯಲ್ಲಿ ಸೇರಿ, ತಾವು ತಂದಿದ್ದ ಯಂತ್ರವನ್ನು ಟೆಲಿವಿಷನ್ನಿಗೆ ಜೋಡಿಸಿ, ಕಾಳಗದ ಆಟವಾಡುತ್ತಿದ್ದರು.

ಮೂರನೆಯ ದಿನ ಆಟ ನಿಂತು ಜಗಳ ಹತ್ತಿತು. ಅದು ಸೋಲುಗೆಲುವಿನ ಜಗಳವಾಗಿದ್ದರೆ ನಾವು ಗಮನಿಸುತ್ತಿರಲಿಲ್ಲ. ಯೋಧರನ್ನು ಕೈಯಿಂದ ಬರೆಯುವ ಹಳೆಯ ಪದ್ಧತಿ ಮೇಲೋ, ಯಂತ್ರದೊಳಗೆ ಮೂರ್ತಿಯಂತೆ ಕಟ್ಟಿ ನಿಲ್ಲಿಸುವ ಹೊಸ ಪದ್ಧತಿ ಮೇಲೋ, ಮುಂದೆ ಬರತಕ್ಕ ಆಟಗಳು ಯಾವ ದಾರಿ ಹಿಡಿಯಬೇಕು, ಎಂಬುದೇ ಅವರ ವಿವಾದದ ವಿಷಯ. ಕಡೆಗೆ ಕಿರಿಯವನು, “ಕೈಯಲ್ಲಿ ಬರೆಯೋರಿಗೆ ಇನ್ನು ಕೆಲಸ ಇಲ್ಲ ಕಣೋ. ಅಪ್ಪ ಹೇಳೋದೇ ಸರಿ” ಎಂದನು. ಹಿರಿಯವನು ಮಾತಾಡದೆ ಎದ್ದು ಹೋಗಿ ಜಗಲಿಯ ಮೇಲೆ ಕುಳಿತನು. ಆ ರಾತ್ರಿ ಊಟಕ್ಕೆ ಬರಲಿಲ್ಲ.

ಇದರ ಮರ್ಮ ನಮಗೆ ಮರುದಿನ ತಿಳಿಯಿತು. ಹಿರಿಯವನು ಬಾಲ್ಯದಿಂದಲೂ ಚಿತ್ರ ಬರೆಯುವವನು; ಬರುವ ವರ್ಷ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಸೇರಬೇಕೆಂಬುದು ಅವನ ಆಸೆ. ತಂದೆಗೆ ಅದು ಸಮ್ಮತವಿಲ್ಲ. ಮನೆಯಲ್ಲಿ ಆರು ತಿಂಗಳಿಂದ ನಡೆಯುತ್ತಿದ್ದ ವಾದವೇ ಆ ಸಂಜೆ ತಮ್ಮನ ಬಾಯಿಂದ ಹೊರಟಿತ್ತು. ಹೀಗಿರುವಾಗ ಹುಡುಗರ ಹರಟೆಯೆಂದು ಗದರಿಸಿ ಮುಗಿಸುವುದು ಯುಕ್ತವಾಗಿ ತೋರಲಿಲ್ಲ. ನಾವು ಇಬ್ಬರನ್ನೂ ಕರೆದು, “ನಿಮ್ಮ ಪೂರ್ವಪಕ್ಷ, ಉತ್ತರಪಕ್ಷಗಳೇನು? ಕ್ರಮವಾಗಿ ಹೇಳಿ” ಎಂದು ಕೇಳಿ, ಮೂರು ದಿನ ಶಿಷ್ಯರಂತೆ ಕುಳಿತು ಕಲಿತೆವು. ಕಲಿತುದನ್ನು ಇಲ್ಲಿ ಸಂಗ್ರಹಿಸಿರುವೆವು. ಮನೆಯಲ್ಲಿ ಮಕ್ಕಳಿರುವ ವಾಚಕರಿಗೆ ಇದರಿಂದ ಉಪಯೋಗವಾಗಬಹುದು.

ಈ ಆಟಗಳಲ್ಲಿ ಇಬ್ಬರು ಯೋಧರು ಎದುರೆದುರು ನಿಲ್ಲುವರು. ಆಡುವವರು ಗುಂಡಿಗಳನ್ನೊತ್ತಿ ಅವರಿಂದ ಪಟ್ಟು, ಪ್ರತಿಪಟ್ಟುಗಳನ್ನು ಹಾಕಿಸುವರು. ಗರಡಿಯ ಕುಸ್ತಿಯಲ್ಲಿರುವಂತೆಯೇ ಇಲ್ಲಿಯೂ ಎದುರಾಳಿಯ ಮನಸ್ಸನ್ನು ಮೊದಲೇ ಊಹಿಸುವವನಿಗೆ ಜಯ. ಜಪಾನು ದೇಶದ ಕ್ಯಾಪ್‌ಕಾಮ್ ಎಂಬ ಸಂಸ್ಥೆಯು 1987ರಲ್ಲಿ ‘ಸ್ಟ್ರೀಟ್ ಫೈಟರ್’ ಎಂಬ ಆಟವನ್ನು ಹೊರಡಿಸಿತು. 1991ರಲ್ಲಿ ಬಂದ ಅದರ ಎರಡನೆಯ ಭಾಗವು ಜಗದ್ವಿಖ್ಯಾತವಾಯಿತು. ಅದರಲ್ಲಿ ಭಾರತೀಯನೊಬ್ಬನೂ ಉಂಟು. ಧಾಲ್ಸಿಮ್ ಎಂಬ ಯೋಗಿ, ಕೊರಳಲ್ಲಿ ಕಪಾಲಮಾಲೆ. ತೋಳುಗಳನ್ನು ಮಾರುದ್ದ ನೀಡಿ ಹೊಡೆಯುವನು, ಬಾಯಿಂದ ಬೆಂಕಿಯುಗುಳುವನು. ಅವನ ಹಿಂದೆ ಆನೆಗಳು ಸಾಲಾಗಿ ನಿಂತಿರುವುವು. “ಇವನು ನಮ್ಮವನೇ, ದೊಡ್ಡಪ್ಪ” ಎಂದು ಕಿರಿಯವನು ಪರಿಚಯ ಮಾಡಿಕೊಟ್ಟನು. ಪತಂಜಲಿಯ ಯೋಗದಲ್ಲಿ ಅಹಿಂಸೆಯೇ ಮೊದಲನೆಯ ಯಮವೆಂದು ನಾವು ಹೇಳಲು, ಆ ಯೋಗಿಯೂ ಶಾಂತಿಪ್ರಿಯನೇ, ತನ್ನ ಊರಿನ ಬಡವರಿಗಾಗಿ ಹಣ ಕೂಡಿಸಲು ಕಾದುತ್ತಾನೆಂದು ಹುಡುಗರಿಬ್ಬರೂ ಒಂದೇ ದನಿಯಲ್ಲಿ ಸಮರ್ಥಿಸಿದರು. ಜಗಳವಾದ ಮೇಲೆ ಅವರು ಕೂಡಿ ಆಡಿದ ಮೊದಲನೆಯ ಮಾತು ಅದೇ.

ಆ ಕಾಲದ ಯೋಧರೆಲ್ಲರೂ ಕೈಬರಹದ ಚಿತ್ರಗಳು. ಒಂದು ಗುದ್ದಿಗೆ ಕೈ ಎತ್ತಿದುದೊಂದು ಚಿತ್ರ, ಚಾಚಿದುದೊಂದು, ಹಿಂದಕ್ಕೆಳೆದುದೊಂದು. ಹೀಗೆ ಒಬ್ಬ ಯೋಧನಿಗೆ ನೂರಾರು ಚಿತ್ರಗಳನ್ನು ಚುಕ್ಕೆ ಚುಕ್ಕೆಯಾಗಿ ತುಂಬಬೇಕು. 1992ರಲ್ಲಿ ಅಮೆರಿಕದವರು ‘ಮಾರ್ಟಲ್ ಕಾಂಬ್ಯಾಟ್’ ಎಂಬ ಆಟಕ್ಕೆ ನಟರಿಗೆ ವೇಷ ಹಾಕಿಸಿ, ಅವರ ಛಾಯಾಚಿತ್ರಗಳನ್ನೇ ಯೋಧರನ್ನಾಗಿ ಮಾಡಿದರು. 1993ರಲ್ಲಿ ಸೇಗಾ ಸಂಸ್ಥೆಯ ‘ವರ್ಚುವಾ ಫೈಟರ್’ ಬಂದಿತು. ಅದರಲ್ಲಿ ಚಿತ್ರವೂ ಇಲ್ಲ, ಛಾಯೆಯೂ ಇಲ್ಲ. ಬಹುಭುಜಾಕೃತಿಗಳನ್ನು ಜೋಡಿಸಿ ಮೂರ್ತಿಯನ್ನು ಗಣಿತದಿಂದ ಕಟ್ಟುವರು. ಒಮ್ಮೆ ಕಟ್ಟಿದ ಮೂರ್ತಿಯನ್ನು ಯಾವ ಕಡೆಯಿಂದಲಾದರೂ ತಿರುಗಿಸಿ ನೋಡಬಹುದು. 1994ರಲ್ಲಿ ನಾಮ್ಕೋ ಸಂಸ್ಥೆಯ ‘ಟೆಕ್ಕೆನ್’ ಇದೇ ದಾರಿ ಹಿಡಿಯಿತು. ಅದರ ಎಂಟನೆಯ ಭಾಗ 2024ರಲ್ಲಿ ಹೊರಬಂದಿದೆ.

ವಿವಾದದ ಬೇರು ಇಲ್ಲಿಯೇ. 1997ರಲ್ಲಿ, ಲೋಕವೆಲ್ಲ ಮೂರ್ತಿಯ ಕಡೆಗೆ ತಿರುಗಿದ್ದಾಗ, ಕ್ಯಾಪ್‌ಕಾಮಿನವರು ‘ಸ್ಟ್ರೀಟ್ ಫೈಟರ್’ ಮೂರನೆಯ ಭಾಗವನ್ನು ಕೈಬರಹದಲ್ಲಿಯೇ ತಂದರು. 1999ರಲ್ಲಿ ಅದರ ಕೊನೆಯ ಪರಿಷ್ಕರಣವಾಯಿತು. ಹಿರಿಯವನು ಅದನ್ನು ನಮಗೆ ತೋರಿಸಿದನು. ಯೋಧನು ಸುಮ್ಮನೆ ನಿಂತಿರುವಾಗಲೂ ಉಸಿರಾಡುವನು, ಬಟ್ಟೆಯ ಅಂಚು ಅಲುಗುವುದು. ನಮ್ಮ ಕಣ್ಣಿಗೂ ಅದು ಸೊಗಸೆನಿಸಿತು. ಆದರೆ ಹಳೆಯ ಯೋಧರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನೆಲ್ಲ ಹೊಸಬರನ್ನಾಗಿ ಮಾಡಿದುದರಿಂದ ಮೊದಲಿಗೆ ಬಹುಮಂದಿ ಅಭಿಮಾನಿಗಳು ಮುನಿದರು. ನಾಲ್ಕನೆಯ ಭಾಗ ಬರುವುದಕ್ಕೆ 2008ರವರೆಗೆ ಕಾಯಬೇಕಾಯಿತು. ಬಂದಾಗ ಅದು ಮೂರ್ತಿಯ ಪದ್ಧತಿಯಲ್ಲಿತ್ತು. ಎಸ್‌ಎನ್‌ಕೆ ಸಂಸ್ಥೆಯ ‘ಕಿಂಗ್ ಆಫ್ ಫೈಟರ್ಸ್’ ಮಾಲೆಯೂ 2010ರ ಹದಿಮೂರನೆಯ ಭಾಗದವರೆಗೆ ಕೈಬರಹವನ್ನು ಕಾಪಾಡಿಕೊಂಡು ಬಂದು, 2016ರಲ್ಲಿ ಅದನ್ನು ಬಿಟ್ಟಿತು. ಆಗ ಅಭಿಮಾನಿಗಳಿಂದ ದೊಡ್ಡ ಗದ್ದಲವೇ ಎದ್ದಿತಂತೆ.

ಬಿಟ್ಟುದೇಕೆಂದರೆ, ಕೈಬರಹಕ್ಕೆ ತಗಲುವ ವೆಚ್ಚ ಅಂಥದು. 2012ರಲ್ಲಿ ಅಮೆರಿಕದಲ್ಲಿ ಹೊರಟ ‘ಸ್ಕಲ್‌ಗರ್ಲ್ಸ್’ ಎಂಬ ಕೈಬರಹದ ಆಟದವರು, ಮರುವರ್ಷ ಹೊಸ ಪಾತ್ರವೊಂದನ್ನು ಸೇರಿಸುವುದಕ್ಕೆ 1,50,000 ಡಾಲರು ಬೇಕೆಂದು ಲೆಕ್ಕವನ್ನು ಬಿಚ್ಚಿಟ್ಟು, ಅಭಿಮಾನಿಗಳಲ್ಲಿ ಚಂದಾ ಬೇಡಿದರು. ಒಂದೇ ಒಂದು ಪಾತ್ರಕ್ಕೆ ಇಷ್ಟು! ಅಭಿಮಾನಿಗಳು ಎಂಟು ಲಕ್ಷ ಡಾಲರಿಗೂ ಮೇಲ್ಪಟ್ಟು ಕೊಟ್ಟರು. ಇದನ್ನು ಕೇಳಿದಾಗ ಕೈಯ ಬರಹವನ್ನು ಪ್ರೀತಿಸುವವರು ಲೋಕದಲ್ಲಿ ಇನ್ನೂ ಉಂಟೆಂದು ನಮಗೆ ಸಮಾಧಾನವಾಯಿತು. ಆದರೆ ಪ್ರತಿಯೊಂದು ಪಾತ್ರವನ್ನೂ ಚಂದಾ ಎತ್ತಿ ಬರೆಯಿಸಲಾಗುವುದೇ ಎಂದು ಕಿರಿಯವನು ಕೇಳಿದುದಕ್ಕೆ ಹಿರಿಯವನಲ್ಲಿ ಉತ್ತರವಿರಲಿಲ್ಲ.

ಆಗ ಕಿರಿಯವನು ತನ್ನ ಬ್ರಹ್ಮಾಸ್ತ್ರವನ್ನು ತೆಗೆದನು. ಆರ್ಕ್ ಸಿಸ್ಟಮ್ ವರ್ಕ್ಸ್ ಎಂಬ ಜಪಾನಿನ ಸಂಸ್ಥೆಯು 2014ರಲ್ಲಿ ಹೊರತಂದ ‘ಗಿಲ್ಟಿ ಗೇರ್ ಎಕ್ಸ್‌ಆರ್‌ಡಿ’ ಎಂಬ ಆಟ ಅದು. ನೋಡಿದರೆ ಅಪ್ಪಟ ಕೈಬರಹದ ಚಿತ್ರ. ಗೆರೆ, ಬಣ್ಣ, ನೆರಳು ಎಲ್ಲವೂ ಹಾಗೆಯೇ. ಇದ್ದಕ್ಕಿದ್ದಂತೆ ನೋಟ ಸುತ್ತ ತಿರುಗಿತು. ಚಿತ್ರವೆಂದು ಕಂಡುದು ಮೂರ್ತಿ! “ನೋಡಿ ದೊಡ್ಡಪ್ಪ, ಯಂತ್ರವೇ ಚಿತ್ರ ಬರೆಯುತ್ತೆ. ಇನ್ನು ಕೈ ಯಾಕೆ?” ಎಂದನು.

ಇದು ಹೇಗಾಯಿತೆಂದು ನಾವು ಬಿಡದೆ ಕೇಳಿದೆವು. ಆ ಸಂಸ್ಥೆಯವರು ತಮ್ಮ ಉಪಾಯವನ್ನು ಬಚ್ಚಿಡದೆ 2015ರಲ್ಲಿ ಅಮೆರಿಕದ ಸಭೆಯೊಂದರಲ್ಲಿ ವಿವರಿಸಿದ್ದಾರೆ. ಹಿರಿಯವನೇ ಅದನ್ನು ಓದಿ ಹೇಳಿದನು. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಒಂದು ಭಂಗಿಯಿಂದ ಇನ್ನೊಂದಕ್ಕೆ ನಯವಾಗಿ ಜಾರಿಕೊಂಡು ಹೋಗುವುದು. ಆ ಜಾರಿಕೆಯೇ ಚಿತ್ರದ ಬಿಗಿಯನ್ನು ಕೆಡಿಸುವುದು. ಆದುದರಿಂದ ಅವರು ಜಾರಿಕೆಯನ್ನು ನಿಲ್ಲಿಸಿ, ಪ್ರತಿಯೊಂದು ಭಂಗಿಯನ್ನೂ ಚಿತ್ರಗಾರನು ಹೂಡುವಂತೆ ಕೈಯಿಂದಲೇ ಹೂಡಿದರು. ಗುದ್ದುವ ಮುಷ್ಟಿ ದೊಡ್ಡದಾಗಿ ಕಾಣಬೇಕಾದಲ್ಲಿ ತೋಳನ್ನು ಬೇಕೆಂದೇ ಹಿಗ್ಗಿಸಿದರು. ನೆರಳು ಲೆಕ್ಕದ ಪ್ರಕಾರ ಬೀಳದೆ, ಚಿತ್ರಗಾರನು ಹಾಕುವಲ್ಲಿ ಬೀಳುವಂತೆ ಮೂರ್ತಿಯ ಮೈಯನ್ನು ಬಿಂದು ಬಿಂದುವಾಗಿ ತಿದ್ದಿದರು. ಅಂದರೆ, ಯಂತ್ರವು ಗೆದ್ದಿತೆಂದು ತೋರಿಸಲು ತಂದ ಸಾಕ್ಷಿಯೇ ಕೈಯ ಪಕ್ಷಕ್ಕೆ ಹೇಳಿಕೆ ಕೊಟ್ಟಿತು. ಕೈ ಹೋಗಲಿಲ್ಲ, ಕುಂಚವನ್ನು ಬಿಟ್ಟು ಬೇರೆ ಉಪಕರಣವನ್ನು ಹಿಡಿಯಿತು.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ರಾಜನು ಪ್ರತಿಮೆ ಮಾಡುವ ವಿದ್ಯೆಯನ್ನು ಕಲಿಸೆಂದು ಮಾರ್ಕಂಡೇಯರನ್ನು ಪ್ರಾರ್ಥಿಸುವನು. ಋಷಿಗಳು, ಚಿತ್ರವನ್ನರಿಯದವನು ಪ್ರತಿಮೆಯನ್ನು ಅರಿಯಲಾರನು, ನೃತ್ಯವನ್ನರಿಯದವನು ಚಿತ್ರವನ್ನು ಅರಿಯಲಾರನು, ಎಂಬರ್ಥದ ಉತ್ತರ ಕೊಡುವರು. ಜಪಾನಿನವರು ಈ ಗ್ರಂಥವನ್ನು ನೋಡಿದ್ದರೋ ಇಲ್ಲವೋ, ಅವರು ಕಂಡುಕೊಂಡುದಂತೂ ಇದೇ ಕ್ರಮ.

ಪಂಥಗಳ ಜಗಳ ನಮಗೇನೂ ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರು ತಮ್ಮಲ್ಲಿ ಯಾರು ಹೆಚ್ಚೆಂದು ರಾಜನ ಮುಂದೆ ಬಂದು ನಿಲ್ಲುವರು. ಮಾತಿನಿಂದ ತೀರ್ಮಾನವಾಗದೆಂದು, ಶಿಷ್ಯರ ಪ್ರಯೋಗವನ್ನು ನೋಡಿ ನಿರ್ಣಯಿಸುವುದೆಂದಾಗುವುದು. ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಲ್ಲ, ಹೊಸದೆಂದ ಮಾತ್ರಕ್ಕೆ ಕೆಟ್ಟುದಲ್ಲ ಎಂಬ ಭಾವದ ಮಾತನ್ನು ಕವಿಯು ಅದೇ ನಾಟಕದ ಪ್ರಸ್ತಾವನೆಯಲ್ಲಿ ಇಟ್ಟಿರುವನು. ಹಳೆಯ ಯೋಧರನ್ನು ಹೊಸ ರೂಪದಲ್ಲಿ ತರಬಹುದೇ ಎಂಬುದಕ್ಕೂ ಕನ್ನಡದಲ್ಲಿ ಉತ್ತರವಿದೆ. ಪಂಪನು ಚಂಪುವಿನಲ್ಲಿ ತಂದ ಅರ್ಜುನನನ್ನೇ ಕುಮಾರವ್ಯಾಸನು ಭಾಮಿನೀ ಷಟ್ಪದಿಯಲ್ಲಿ ತಂದನು. ಛಂದಸ್ಸು ಬದಲಾಯಿತೆಂದು ಅರ್ಜುನನ ಬಿಲ್ಲು ಸಡಿಲವಾಗಲಿಲ್ಲ.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಈ ಆಟಗಳೆಲ್ಲವೂ ಸಮನಲ್ಲ. ‘ಮಾರ್ಟಲ್ ಕಾಂಬ್ಯಾಟ್’ ಆಟದಲ್ಲಿ ರಕ್ತ ಹರಿಯುವುದನ್ನೂ ಅಂಗಚ್ಛೇದವನ್ನೂ ತೋರಿಸುವರು. ಇದರಿಂದ 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆದು, 1994ರಲ್ಲಿ ಆಟಗಳಿಗೆ ವಯೋಮಿತಿಯ ಗುರುತನ್ನು ಹಾಕುವ ಮಂಡಲಿಯೊಂದು ಸ್ಥಾಪಿತವಾಯಿತು. ಭರತಮುನಿಯು ರಂಗದ ಮೇಲಿನ ಯುದ್ಧದಲ್ಲಿ ಸೀಳುವುದು, ಕಡಿಯುವುದು, ರಕ್ತ ಸುರಿಸುವುದು ಕೂಡದೆಂದೂ, ಪೆಟ್ಟನ್ನು ಅಭಿನಯದಿಂದಲೇ ತೋರಿಸಬೇಕೆಂದೂ ಎಂದೋ ವಿಧಿಸಿರುವನು. ವೀರರಸಕ್ಕೆ ನೆತ್ತರು ಬೇಕಾಗಿಲ್ಲ. ಆಟವನ್ನು ಕೊಡಿಸುವ ಮುನ್ನ ಡಬ್ಬದ ಮೇಲಿನ ವಯಸ್ಸಿನ ಗುರುತನ್ನು ನೋಡುವುದು, ಹೊತ್ತನ್ನು ಗೊತ್ತುಮಾಡುವುದು, ಆಟ ಕೊಂಡ ಮೇಲೂ ಒಂದೊಂದು ಹೊಸ ಯೋಧನಿಗೆ ಬೇರೆ ಹಣ ಕೇಳುವ ವ್ಯವಹಾರವನ್ನು ಮಕ್ಕಳಿಗೆ ತಿಳಿಯಹೇಳುವುದು, ಇವು ಹಿರಿಯರ ಕರ್ತವ್ಯ. ಹಾಗೆಂದು ಎಲ್ಲವನ್ನೂ ಪೋಲಿಯಾಟವೆಂದು ತಳ್ಳುವುದೂ ಸರಿಯಲ್ಲ. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾದ ಕ್ರೀಡಾಕೂಟದಲ್ಲಿ ‘ಸ್ಟ್ರೀಟ್ ಫೈಟರ್’ ಐದನೆಯ ಭಾಗಕ್ಕೆ ಪದಕವೇ ಇತ್ತು.

ರಜೆ ಮುಗಿಯುವ ಹಿಂದಿನ ದಿನ ಹುಡುಗರನ್ನು ಕರೆದುಕೊಂಡು ಬೇಲೂರಿಗೆ ಹೋಗಿ, ಅಲ್ಲಿಂದ ಹದಿನಾರು ಕಿಲೋಮೀಟರು ದೂರದ ಹಳೇಬೀಡಿಗೆ ಹೋದೆವು. ಈ ದೇವಾಲಯಗಳನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿರುವುದು ಸರ್ವವಿದಿತ. ಹೊಯ್ಸಳೇಶ್ವರನ ಗುಡಿಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದಕ್ಕೂ ಮೇಲೆ ರಾಮಾಯಣ ಭಾರತಗಳ ಕಾಳಗ. ಅಲ್ಲಿ ನಿಂತು ನಾವು ಹೇಳಿದುದಿಷ್ಟು: ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳದು ಮರಳುಗಲ್ಲು. ಮುಂದೆ ಬಂದವರು ಅದನ್ನು ಬಿಟ್ಟು ಬಳಪದ ಕಲ್ಲನ್ನು ಹಿಡಿದರು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಅದು; ಅದರಿಂದಲೇ ಹೊಯ್ಸಳ ರೂವಾರಿಗಳಿಗೆ ಮಣಿಮಣಿಯಾಗಿ ಒಡವೆ ಕಡೆಯುವುದು ಸಾಧ್ಯವಾಯಿತು. ವಿಜಯನಗರದವರು ಕಣಶಿಲೆಯನ್ನು ಹಿಡಿದರು. ಈ ನವುರು ಹೋಯಿತು, ವಿಶಾಲವಾದ ಮಂಟಪಗಳು ಬಂದವು. ಕಲ್ಲು ಬದಲಾದಾಗಲೆಲ್ಲ ಏನೋ ಒಂದು ಹೋಯಿತು, ಏನೋ ಒಂದು ಬಂದಿತು. ಉಳಿಯನ್ನು ಬಲ್ಲವನು ಮಾತ್ರ ಮೂರು ಕಾಲಕ್ಕೂ ಬೇಕಾಗಿದ್ದನು.

ಹುಡುಗರು ಕೇಳಿದರೋ ಇಲ್ಲವೋ ತಿಳಿಯದು. ಕಿರಿಯವನು ಯೋಧನೊಬ್ಬನ ವಿಗ್ರಹವನ್ನು ಯಂತ್ರದೊಳಗೆ ಮೂರ್ತಿಯಾಗಿ ಕಟ್ಟಬೇಕೆಂದು ಸುತ್ತಲಿಂದಲೂ ಅದರ ಛಾಯಾಚಿತ್ರ ತೆಗೆಯುತ್ತಿದ್ದನು. ಆ ಯೋಧನ ಬಲಗೈ ಮೊಣಕೈಯ ಬಳಿ ಮುರಿದುಹೋಗಿದೆ. ಬಹಳ ಹೊತ್ತು ನೋಡಿ, “ಇಲ್ಲಿ ಕೈ ಹೇಗಿತ್ತೋ ಅಣ್ಣ?” ಎಂದು ಕೇಳಿದನು. ಹಿರಿಯವನು ಹೆಗಲಿನ ಬಾಗು, ನಡುವಿನ ತಿರುವು, ಊರಿದ ಪಾದ, ಎಲ್ಲವನ್ನೂ ನೋಡಿ, ಪುಸ್ತಕದಲ್ಲಿ ಆ ಯೋಧನನ್ನು ಬರೆದು, ಮುರಿದ ಕೈಯನ್ನು ಎತ್ತಿದ ಖಡ್ಗದೊಡನೆ ಪೂರ್ಣಮಾಡಿದನು. ಕಿರಿಯವನು ಆ ಹಾಳೆಯ ಛಾಯಾಚಿತ್ರವನ್ನೂ ತೆಗೆದುಕೊಂಡನು.

ನಾವು ತಮ್ಮನಿಗೆ ಕಾಗದ ಬರೆದಿರುವೆವು. ಅವನೂ ಬಾಲ್ಯದಲ್ಲಿ ಸ್ಲೇಟಿನ ತುಂಬ ಆನೆ ಕುದುರೆಗಳನ್ನು ಬರೆಯುತ್ತಿದ್ದನು. ಮಗ್ಗಿ ಬರೆಯೆಂದು ಅದನ್ನು ಅಳಿಸುತ್ತಿದ್ದವರು ನಾವೇ. ಅದನ್ನೂ ಕಾಗದದಲ್ಲಿ ಕಾಣಿಸಿರುವೆವು. ಮಗನನ್ನು ಚಿತ್ರಶಾಲೆಗೆ ಕಳುಹಿಸೆಂದು ಆಜ್ಞೆ ಮಾಡುವ ಅಧಿಕಾರ ನಮಗಿಲ್ಲ. ಅನ್ನದ ಚಿಂತೆ ಅವನದು, ಅದು ಸಣ್ಣ ಚಿಂತೆಯೂ ಅಲ್ಲ. ಆದರೆ ಕೈಯಲ್ಲಿ ಬರೆಯುವವನಿಗೆ ಮುಂದೆ ಕೆಲಸವಿಲ್ಲವೆಂಬುದೊಂದೇ ಕಾರಣವಾಗಿದ್ದರೆ, ಆ ಕಾರಣ ನಿಲ್ಲದೆಂದು ತಿಳಿಸಿ, ಹಳೇಬೀಡಿನಲ್ಲಿ ಬರೆದ ಹಾಳೆಯನ್ನು ಜೊತೆಗಿಟ್ಟಿರುವೆವು. ಉತ್ತರವನ್ನು ಎದುರುನೋಡುತ್ತಿದ್ದೇವೆ.