ಮಲ್ಲಮೂಲ

ನದೀಮೂಲ, ಋಷಿಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಆ ಸಾಲಿಗೆ ಮಲ್ಲಮೂಲವನ್ನೂ ಸೇರಿಸಬಹುದಾಗಿತ್ತೇನೋ ಎಂದು ಕಳೆದ ವಿಜಯದಶಮಿಯ ಸಂಜೆ ನನಗನ್ನಿಸಿತು. ಬನ್ನಿ ಕೊಡಲೆಂದು ನಾಗರಬಾವಿಯ ನಮ್ಮ ಮನೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬನು, ಅಂದು ಬೆಳಗ್ಗೆ ಮೈಸೂರು ಅರಮನೆಯಲ್ಲಿ ನಡೆದ ವಜ್ರಮುಷ್ಟಿ ಕಾಳಗದ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ನಾವೂ ಜಟ್ಟಿ ಮನೆತನದವರು. ಶ್ರೀಕೃಷ್ಣನೇ ನಮ್ಮ ಹಿರಿಯರಿಗೆ ಈ ವಿದ್ಯೆ ಕಲಿಸಿದನೆಂದು ನಮ್ಮಜ್ಜ ಹೇಳುತ್ತಿದ್ದರು. ಪುಸ್ತಕದಲ್ಲಿ ನೋಡಿದರೆ ನಮ್ಮವರು ಕೊರಳು ಮುರಿಯುತ್ತಿದ್ದರೆಂದು ಬರೆದಿದೆ. ಯಾವುದನ್ನು ನಂಬಲಿ?” ಎಂದು ಕೇಳಿದನು.

ಈ ಕಾಳಗವನ್ನು ವಾಚಕರಲ್ಲಿ ಅನೇಕರು ಬಲ್ಲರು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ನೆತ್ತರು ಕಂಡೊಡನೆ ಕಾಳಗ ಮುಗಿಯುತ್ತದೆ. ಅನಂತರವೇ ಜಂಬೂಸವಾರಿ. ಕ್ಷಣಮಾತ್ರದಲ್ಲಿ ಮುಗಿದುಹೋಗುವ ಈ ಕಾಳಗದ ಹುಟ್ಟನ್ನು ಕುರಿತು ಮಾತ್ರ ಒಂದಲ್ಲ, ಹಲವು ಕಥೆಗಳುಂಟು.

ಮೊದಲನೆಯದು ಅಜ್ಜನ ಕಥೆ. ಸೂರ್ಯದೇವಾಲಯಕ್ಕೆ ಹೆಸರಾದ ಗುಜರಾತಿನ ಮೊಧೇರಾದ ಬ್ರಾಹ್ಮಣರಿಗೆ ಕೃಷ್ಣನು ಮಲ್ಲವಿದ್ಯೆಯನ್ನು ಅನುಗ್ರಹಿಸಿದನು, ಅವರೇ ಜ್ಯೇಷ್ಠಿಮಲ್ಲರು, ನಿಂಬಜಾದೇವಿ ಅವರ ಕುಲದೇವತೆ. ಇದಕ್ಕೆ ‘ಮಲ್ಲಪುರಾಣ’ವೆಂಬ ಸಂಸ್ಕೃತ ಗ್ರಂಥದ ಆಧಾರವುಂಟು. ಸಂಡೇಸರಾ ಮತ್ತು ಮೆಹತಾ ಎಂಬ ವಿದ್ವಾಂಸರು ಸಂಪಾದಿಸಿದ ಈ ಪುರಾಣವು 1964ರಲ್ಲಿ ಬರೋಡದಲ್ಲಿ ಅಚ್ಚಾಯಿತು. ಎರಡನೆಯದು ಸರಕಾರಿ ಜನಾಂಗವಿವರಣೆಯ ಕಥೆ. 1909ರಲ್ಲಿ ಪ್ರಕಟವಾದ ತಮ್ಮ ಬೃಹದ್ಗ್ರಂಥದಲ್ಲಿ ಥರ್ಸ್ಟನ್ ಎಂಬವರು ಜಟ್ಟಿಗಳನ್ನು ತೆಲುಗು ಮಲ್ಲರೆಂದು ಕರೆದರು. ಮೂರನೆಯದು ಹಬ್ಬದ ಜಾಡನ್ನು ಹಿಡಿದುದು. 1535ರ ಸುಮಾರಿಗೆ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸಿನ ನೂನಿಜ್, ಮಹಾನವಮಿಯಲ್ಲಿ ಅರಸನೆದುರು ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದ ಮಲ್ಲರನ್ನು ವರ್ಣಿಸಿದ್ದಾನೆ. ಆ ಉತ್ಸವವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಈ ಲೆಕ್ಕದಲ್ಲಿ ವಜ್ರಮುಷ್ಟಿಯ ತವರು ತುಂಗಭದ್ರೆಯ ತೀರ.

ಇಂಥ ಇಕ್ಕಟ್ಟು ನಮಗೊಬ್ಬರಿಗೇ ಬಂದುದಲ್ಲ. ದಕ್ಷಿಣ ಚೀನದಲ್ಲಿ ವಿಂಗ್ ಚುನ್ ಎಂಬ ಮುಷ್ಟಿವಿದ್ಯೆಯೊಂದುಂಟು. ಸುಟ್ಟುಹೋದ ಶಾವೊಲಿನ್ ವಿಹಾರದಿಂದ ಪಾರಾಗಿ ಬಂದ ಬೌದ್ಧ ಸಂನ್ಯಾಸಿನಿಯೊಬ್ಬಳು ಅದನ್ನು ಅದೇ ಹೆಸರಿನ ತರುಣಿಗೆ ಕಲಿಸಿದಳೆಂದು ಒಂದು ಕಥೆ. ಕೆಂಪು ದೋಣಿಗಳಲ್ಲಿ ಊರೂರು ಸುತ್ತುತ್ತಿದ್ದ, ನಮ್ಮ ಬಯಲಾಟದ ಮೇಳಗಳಂಥ ನಾಟಕ ಮಂಡಲಿಗಳು ಅದನ್ನು ಪೋಷಿಸಿದವೆಂದು ಇನ್ನೊಂದು. ಎರಡರಲ್ಲಿಯೂ ಮಂಚು ಅರಸರ ವಿರುದ್ಧ ಅಡಗಿ ಹೋರಾಡಿದವರೇ ನಾಯಕರು. ಚರಿತ್ರೆಯ ನೆಲ ಕಾಲಿಗೆ ಸಿಕ್ಕುವುದಾದರೋ 19ನೆಯ ಶತಮಾನದಲ್ಲಿ, ಫೋಶಾನ್ ಪಟ್ಟಣದ ನಾಟಿವೈದ್ಯ ಲ್ಯೂಂಗ್ ಜಾನ್‌ನ ಬಳಿಗೆ ಬಂದಾಗ. ವೈದ್ಯನ ಮನೆಯ ವಿದ್ಯೆಗೆ ವೀರರ ವಂಶಾವಳಿ ಏಕೆ ಬೇಕಾಯಿತು? ಹೇಳುವವರಿಗೆ ಅದು ಬೇಕಾಗಿತ್ತು, ಅದಕ್ಕೆ.

ನಮ್ಮ ಕಥೆಗಳನ್ನೂ ಹೀಗೆಯೇ ಓದಬೇಕು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಆಂಗ್ಲರ ಬರಹಗಳಲ್ಲಿ ಜಟ್ಟಿಗಳು ಕಾಣಿಸಿಕೊಳ್ಳುವುದು ಪ್ರಭುವಿನ ಅಪ್ಪಣೆಯಂತೆ ಮರಣದಂಡನೆಯನ್ನು ನೆರವೇರಿಸುವವರಾಗಿ. ದೊರೆಯ ಅನ್ನ ತಿಂದ ತೋಳು ದೊರೆ ಹೇಳಿದ ಕೆಲಸವನ್ನೆಲ್ಲ ಮಾಡಬೇಕಾಯಿತು. ಕೃಷ್ಣನ ಕಥೆಯಲ್ಲಾಗಲಿ ಮಹಾನವಮಿಯ ವೈಭವದಲ್ಲಾಗಲಿ ಈ ಸಂಗತಿಗೆ ಎಡೆಯಿಲ್ಲ. ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಾವು ನಗಲು ಬಳಸುತ್ತೇವೆ. ಆದರೆ ಬಿದ್ದವನಿಗೆ ಮೀಸೆಯಾದರೂ ಉಳಿಯಬೇಡವೆ? ಮೂಲಕಥೆ ಅನೇಕ ವೇಳೆ ಆ ಮೀಸೆ.

ಹಾಗೆಂದು ಕಥೆಯನ್ನೇ ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೊಂದಿದೆ. ಅಲ್ಲಿ ಮಲ್ಲರನ್ನು ದೇಹಬಲ, ಪರಿಣತಿಗಳ ಮೇಲೆ ವಿಂಗಡಿಸುವಾಗ ಉತ್ತಮನಾದವನಿಗೆ ಕೊಟ್ಟಿರುವ ಹೆಸರು ‘ಜ್ಯೇಷ್ಠಿಕ’. ನಮ್ಮ ‘ಜಟ್ಟಿ’ ಇದೇ ಬಳಗದ ಮಾತು. ಕಲ್ಯಾಣದ ಅಖಾಡದಲ್ಲಿ ಅದು ಹುಟ್ಟಿನಿಂದ ಬಂದ ಕುಲನಾಮವಾಗಿರಲಿಲ್ಲ. ಮಣ್ಣಿನಲ್ಲಿ ಬೆವರು ಸುರಿಸಿ ಪಡೆದ ದರ್ಜೆಯಾಗಿತ್ತು. ಗುಜರಾತೋ ತೆಲುಗುನಾಡೋ ಕನ್ನಡನಾಡೋ ಎಂಬ ಜಗಳಕ್ಕಿಂತ ಈ ಒಂದು ಪದ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಇಷ್ಟನ್ನೂ ಹೇಳಿದ ಮೇಲೆ ಹುಡುಗನು, “ಹಾಗಾದರೆ ಅಜ್ಜ ಹೇಳಿದ್ದು ಸುಳ್ಳೇ, ಸಾರ್?” ಎಂದನು. ಅಜ್ಜನ ಕಥೆಯನ್ನು ಅವರ ಮಾತಿನಲ್ಲಿಯೇ, ಒಂದಕ್ಷರ ತಿದ್ದದೆ ಬರೆದಿಡು. ಎದುರು ಪುಟದಲ್ಲಿ ಸೆರೆಯಾಳುಗಳು ಬರೆದುದನ್ನೂ ಇಡು ಎಂದೆ. ಅವನು ಸ್ವಲ್ಪ ಯೋಚಿಸಿ, ತನ್ನ ಅಜ್ಜ ಉಳುಕಿದ ಕೈಕಾಲುಗಳನ್ನು ಎಣ್ಣೆ ತಿಕ್ಕಿ ಸರಿಪಡಿಸುತ್ತಿದ್ದುದನ್ನು ಯಾವ ಪುಟದಲ್ಲಿ ಬರೆಯಲೆಂದು ಕೇಳಿದನು. ಮೊದಲನೆಯ ಪುಟದಲ್ಲಿ ಎಂದೆ.