ಕಡಕೋಳದ ಮೇಳ

ಬೀಟಲ್ಸ್ ಬ್ಯಾಂಡು 1960ರಲ್ಲಿ ಲಿವರ್‌ಪೂಲಿನಲ್ಲಿ ಕಟ್ಟಿಕೊಂಡಿತು, 1970ರಲ್ಲಿ ಒಡೆಯಿತು. ಹತ್ತೇ ವರ್ಷ ಬಾಳಿದರೂ ಅದರ ಹಾಡು ಇನ್ನೂ ಕೇಳುತ್ತಿದೆ. ಧ್ವನಿಮುದ್ರಿಕೆಗಳು ಇಲ್ಲದಿದ್ದರೆ ಹೀಗಾಗುತ್ತಿತ್ತೇ? ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ರೆಕಾರ್ಡಿನ ಆಸರೆಯಿಲ್ಲದೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿದು ಬಂದ ಒಂದು ಹಾಡುಗಾರರ ಬಳಗವಿದೆ.

ಈ ಸೀಮೆಯ ನೆರೆಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು ಹದಿನೆಂಟು-ಹತ್ತೊಂಬತ್ತನೇ ಶತಮಾನದ ತತ್ವಪದಕಾರರು. ಮಡಿ-ಮೈಲಿಗೆಯ ಡಂಭವನ್ನು ಅವರು ನೇರವಾಗಿ ಬೈದು ಹಾಡಿದರು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಮೊದಲಾದವರು ಅವರ ಶಿಷ್ಯರಾದರು. ಶಿಷ್ಯರು ಗುರುವಿನ ಪದ ಒಪ್ಪಿಸಿ ಸುಮ್ಮನಾಗಲಿಲ್ಲ, ತಾವೂ ಪದ ಕಟ್ಟಿದರು. ಬೀಟಲ್ಸ್‌ನಲ್ಲಿ ಲೆನನ್, ಮೆಕಾರ್ಟ್ನಿ ಯಾರು ಬರೆದರೂ ಸಾಮಾನ್ಯವಾಗಿ ಇಬ್ಬರ ಹೆಸರೂ ರೆಕಾರ್ಡಿನ ಲೇಬಲ್ಲಿನ ಮೇಲೆ ಬೀಳುತ್ತಿತ್ತು. ತತ್ವಪದದ ಗುರುತು ಪದದೊಳಗೇ, ಕೊನೆಯ ನುಡಿಯ ಅಂಕಿತದಲ್ಲೇ ಇರುತ್ತದೆ. ಹೊತ್ತಿಗೆ ಸುಟ್ಟರೂ ಅಂಕಿತ ಅಳಿಯದು.

ಈ ಪದಗಳನ್ನು ಉಳಿಸಿದವರು ಭಜನಾ ಮಂಡಳಿಯವರು. ಒಬ್ಬ ಮುಂದೆ ಹೇಳುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಕಲಿಯಲು ಶಾಲೆ ಬೇಡ, ಹಿಮ್ಮೇಳದಲ್ಲಿ ಕೂತರೆ ಸಾಕು. ಓದು ಬಾರದವನಿಗೂ ನಾಲ್ಕು ಅಮಾವಾಸ್ಯೆಯ ಭಜನೆಯಲ್ಲಿ ಪದ ಬಾಯಿಗೆ ಹತ್ತುತ್ತದೆ. ಏಕತಾರಿ, ತಾಳ, ದಮ್ಮಡಿ ಮೊದಲಿನಿಂದಲೂ ಇದ್ದವು. ಪೇಟಿ ಆಮೇಲೆ ಬಂತು. ಅದು ಯುರೋಪಿನ ಹಾರ್ಮೋನಿಯಂ. ಹತ್ತೊಂಬತ್ತನೇ ಶತಮಾನದಲ್ಲಿ ಕೊಲ್ಕತ್ತದಲ್ಲಿ ಕೈಯಿಂದ ತಿದಿಯೊತ್ತುವ, ನೆಲದಲ್ಲಿ ಕೂತು ನುಡಿಸುವ ರೂಪ ಪಡೆಯಿತು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿ, 1971ರವರೆಗೂ ಹೊರಗಿಟ್ಟಿತು. ಊರ ಗುಡಿಯ ಭಜನೆಗೆ ಅದೇನು ಲೆಕ್ಕ? ಅತ್ತ 1965ರಲ್ಲಿ ಬೀಟಲ್ಸ್‌ನ ಲೆನನ್ ಕೂಡ ಒಂದು ಹಾಡಿಗೆ ಹಾರ್ಮೋನಿಯಂ ನುಡಿಸಿದ.

ಮಡಿವಾಳಪ್ಪನವರಿಗೆ ಮೊದಲೂ ಇಲ್ಲಿ ನೆಲ ಹದವಾಗಿತ್ತು. ಸುರಪುರ ಸೀಮೆಯ ಕೃಷ್ಣಾತೀರದ ತಿಂಥಣಿಯ ಸಂತ ಮೌನೇಶ್ವರರನ್ನು ಮುಸ್ಲಿಮರು ಮೌನುದ್ದೀನ್ ಎಂದೇ ಕರೆದು ನಡೆದುಕೊಳ್ಳುತ್ತಾರೆ. ಮಡಿವಾಳಪ್ಪನವರ ಬಳಗದಲ್ಲಿ ಜಲಾಲಸಾಹೇಬರು ಇದ್ದದ್ದು ಈ ಸೀಮೆಗೆ ಅಚ್ಚರಿಯಲ್ಲ.

ಈಗ ಮೈಕು ಬಂದಿದೆ, ಕೆಲವೆಡೆ ಸಿನಿಮಾ ಧಾಟಿಯೂ ನುಸುಳಿದೆ. ಹಿರಿಯರು ಗೊಣಗುತ್ತಾರೆ. ನನಗೆ ಅದರಲ್ಲಿ ದೊಡ್ಡ ಅಪಾಯ ಕಾಣುವುದಿಲ್ಲ, ಧಾಟಿ ಬದಲಾದರೂ ಪದ ನಿಲ್ಲುತ್ತದೆ. ಮುಂದೆ ಹೇಳುವವನಿಗೆ ಪಲ್ಲವಿ ಹಿಡಿಯುವವರು ಸಿಗದಿದ್ದರೆ ಮಾತ್ರ ಚಿಂತೆ. ಇನ್ನೊಬ್ಬ ತತ್ವಪದಕಾರ ಶಿಶುನಾಳ ಶರೀಫರ ಪದಗಳಿಗೆ ಗಾಯಕ ಸಿ. ಅಶ್ವತ್ಥ್ ಕ್ಯಾಸೆಟ್ಟಿನ ದಾರಿ ತೋರಿದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಬ್ಯಾಂಡಿನೊಂದಿಗೆ ಗಿಟಾರಿಗೂ ಏರಿಸಿದರು. ಕಡಕೋಳದ ಬಳಗಕ್ಕೆ ಅಂಥ ದೊಡ್ಡ ವೇದಿಕೆ ಸಿಕ್ಕಿದ್ದು ಕಡಿಮೆ. ಜಲಾಲಸಾಹೇಬರ ಪದಗಳಿಗೆ ಗಿಟಾರು ಚೆನ್ನಾಗಿಯೇ ಒಪ್ಪೀತು. ಹಾಡುವವರು ಮೊದಲು ಶಹಾಪುರದ ಕಡೆಯ ಯಾವುದಾದರೂ ಮಂಡಳಿಯ ಹಿಮ್ಮೇಳದಲ್ಲಿ ಕೂತು ಕಲಿತು ಬರಲಿ.